ಎರಡು ಬಣ್ಣದ ಮಾತ್ರೆ

ತಮಿಳುನಾಡಿನ ಅವಿನಾಶಿ ಊರಿನ ನನ್ನ ಪವರ್‌ಲೂಮ್ ಶೆಡ್ಡಿಗೆ ರಿಪೇರಿಗೆ ಬರುತ್ತಿದ್ದ ಫಿಟ್ಟರು ಯಾವ ಮಗ್ಗವನ್ನಾದರೂ ಮೊದಲು ಪೂರ್ತಿ ಬಿಚ್ಚಿಡುತ್ತಿದ್ದರು. ಅಷ್ಟೆಲ್ಲ ಬೇಡವೆಂದು ಮಾಲೀಕನಾದ ನಾನು ಎಷ್ಟೇ ಚೌಕಾಸಿ ಮಾಡಿದರೂ ಸ್ಪ್ಯಾನರಿನಿಂದ ಕಿವಿ ಕೆರೆದುಕೊಳ್ಳುತ್ತ, "ಬಿಚ್ಚಿ ನೋಡಿದ್ರೆ ತಾನೆ ಗೊತ್ತಾಗೋದು ಮೊದಲಾಳಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮಗ್ಗದ ಪಕ್ಕದಲ್ಲೇ ತಲೆಸುತ್ತಿ ಕುಸಿದರು. ಆಸ್ಪತ್ರೆಗೆ ಕರೆದೊಯ್ದೆ. ಬಿಪಿ ವಿಪರೀತ ಏರಿತ್ತು.

"ಬಿಪಿ ಮಾತ್ರೆ ಬಿಟ್ರಾ?" ಎಂದು ಕೇಳಿದೆ.

"ಬಿಡ್ತೀನಾ? ದಿನಾ ಬಿಳೀದು ನಂಗೆ, ಕೆಂಪುದು ಮನೆಯವಳಿಗೆ."

ಎರಡು ಔಷಧಿ ಸೇರಿಸಿ ಮಾಡಿದ ಒಂದೇ ಮಾತ್ರೆ ಅದು. ಒಂದು ಮಗ್ಗುಲು ಬಿಳಿ, ಇನ್ನೊಂದು ಕೆಂಪು. ಹೆಂಡತಿಗೂ ಬಿಪಿ ಇತ್ತು, ಆದರೆ ಆಸ್ಪತ್ರೆಯೆಂದರೆ ಆಕೆಗೆ ನಡುಕ. ಹಾಗಾಗಿ ಇವರು ಬಣ್ಣ ಕೂಡುವಲ್ಲಿ ಬ್ಲೇಡಿಟ್ಟು ಪಾಲು ಮಾಡುತ್ತಿದ್ದರು. ಇವರೊಬ್ಬರಿಗೇ ಎರಡೂ ಔಷಧಿ ಬೇಕೆಂದು ಕೊಟ್ಟ ಮಾತ್ರೆಯದು, ಕತ್ತರಿಸಿ ಹಂಚುವಂಥದ್ದಲ್ಲ ಎಂದರು ಡಾಕ್ಟರು. ನೀವೂ ಕೇಳಿಟ್ಟುಕೊಳ್ಳಿ, ಮಾತ್ರೆಗೆ ಬ್ಲೇಡು ಹಾಕುವ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳುವುದು ಲಾಭ.

ಫಿಟ್ಟರು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸುತ್ತ, "ನಾನೇ ಪೂರ್ತಿ ತಿಂದ್ರೆ ಅವಳಿಗೆ?" ಎಂದರು.

"ಅವರಿಗೆ ಬೇರೆ ಚೀಟಿ ಬರೆಸಿ. ನಾಳೆ ವ್ಯಾನ್ ಕಳಿಸ್ತೀನಿ, ಕರ್ಕೊಂಡು ಬನ್ನಿ."

ಮರುದಿನ ಆಕೆ ಆಸ್ಪತ್ರೆಯ ಬೆಂಚಿನಲ್ಲಿ ಸೆರಗು ಬಿಗಿಹಿಡಿದು ಕೂತಿದ್ದರು. ಒಳಗೆ ಬರಲೊಲ್ಲರು. ಫಿಟ್ಟರು ಎದುರಿಗೆ ನಿಂತು, ಎರಡು ಬಣ್ಣದ ಮಾತ್ರೆಯನ್ನು ಆಕೆಗೆ ತೋರಿಸಿ, ಇಡಿಯಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಆಯ್ತು. ಇನ್ನು ಇದರಲ್ಲಿ ನಿಂಗೆ ಪಾಲಿಲ್ಲ. ಎದ್ದು ಒಳಗೆ ನಡಿ."

ಆಕೆ ಎದ್ದರು.