ಮಾವಶಿ ಕೇಳಿದ ಔಷಧ

ಚೀನಾದ ಹಳೆಯ ವೈದ್ಯದಲ್ಲಿ ಬಳಸುವ ಒಂದು ಬೇರಿನಿಂದ ತೆಗೆದ ಹಳದಿ ಪುಡಿ ಅದು. ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ಅದನ್ನು ಅಂಡಾಶಯದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ನನ್ನ ಕೆಲಸ. ಮಹಾ ಹಟಮಾರಿ ಕೋಶಗಳು. ಆರು ತಿಂಗಳು ನನಗೆ ಕ್ಯಾರೇ ಅನ್ನಲಿಲ್ಲ. ಪುಡಿಯ ಪ್ರಮಾಣ ಏರಿಸುತ್ತ ಹೋದೆ. ಒಂದು ಶನಿವಾರ ನೋಡಿದರೆ ಕೋಶ ಬೆಳೆಸಿದ್ದ ತಟ್ಟೆಗೆ ತಟ್ಟೆಯೇ ಸತ್ತು ಬಿದ್ದಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊಟ್ಟೆಯಲ್ಲಿ ಮಾತು ನಿಲ್ಲದ ಹೆಂಗಸು ನಾನು. ಮರುದಿನವೇ ಹಿಂದವಾಡಿಯ ಮನೆಯಿಂದ ಸ್ಕೂಟರ್ ಹತ್ತಿ ಖಾನಾಪುರಕ್ಕೆ, ಅವ್ವನ ತಂಗಿ ಮಾವಶಿಯ ಮನೆಗೆ ಹೋದೆ. ಅವಳಿಗೂ ಅದೇ ಕ್ಯಾನ್ಸರ್. ಆರು ಕೀಮೊದಲ್ಲಿ ಮೂರು ಮುಗಿದಿದ್ದವು, ನಾಲ್ಕನೆಯದು ಮಂಗಳವಾರ. ನಮ್ಮ ಔಷಧಕ್ಕೆ ಎಲ್ಲ ಸತ್ತವು ಎಂದು ನಾನು ಕೊಚ್ಚಿಕೊಂಡಿದ್ದೇ ತಡ, ಹಾಗಾದರೆ ಮಂಗಳವಾರ ಆಸ್ಪತ್ರೆಗೆ ಬರುವುದಿಲ್ಲ, ಆ ಪುಡಿಯನ್ನೇ ತಂದುಕೊಡು, ಹಾಲಿನಲ್ಲಿ ಕಲಸಿ ಕುಡಿಯುತ್ತೇನೆ ಎಂದಳು. ಕೂದಲು ಉದುರಿ, ಬಾಯೆಲ್ಲ ಹುಣ್ಣಾಗಿ ಬೇಸತ್ತಿದ್ದಳು, ಪಾಪ.

ತಟ್ಟೆ ಬೇರೆ, ಹೊಟ್ಟೆ ಬೇರೆ ಎಂದೆ. ಇಲಿಗೂ ಇನ್ನೂ ಕೊಟ್ಟಿಲ್ಲ ಎಂದೆ. ಕನ್ನಡದಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ. ಅವಳು ಹಿಡಿದುಕೊಂಡಿದ್ದು ಔಷಧ ಎಂಬ ಒಂದೇ ಮಾತನ್ನು. ಕೊನೆಗೆ ಆ ಮಾತೇ ನನ್ನ ಕೈ ಹಿಡಿಯಿತು. ನಮ್ಮ ಕಡೆ ಗದ್ದೆಯ ಕಳೆಗೆ ಹೊಡೆಯುವ ವಿಷಕ್ಕೂ ಔಷಧ ಎಂದೇ ಅನ್ನುತ್ತಾರೆ.

“ಮಾವಶಿ, ಇದು ಗದ್ದಿ ಔಷಧ ಇದ್ದಂಗ. ಕಸ ಸತ್ತೈತಿ ಖರೇ. ಭತ್ತ ಉಳೀತೈತೋ ಇಲ್ಲೋ ನಾ ಇನ್ನೂ ನೋಡಿಲ್ಲ.”

ಭತ್ತ ಬೆಳೆದ ಕೈ ಅವಳದು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಭತ್ತದ ಗತಿ ಏನಾಯಿತೆಂದು ನೋಡದೆ ಕುಣಿಯುತ್ತ ಬಂದೆಯಲ್ಲ ಎಂದು ಚೆನ್ನಾಗಿ ಬೈದಳು. ಬೈಸಿಕೊಂಡು ಅಷ್ಟು ಖುಷಿಪಟ್ಟಿದ್ದು ನಾನು ಅದೊಂದೇ ಸಲ. ಮಂಗಳವಾರ ಆಸ್ಪತ್ರೆಗೆ ಬಂದಳು.

ಆ ವಾರವೇ ಆರೋಗ್ಯವಾದ ಕೋಶಗಳ ಮೇಲೆ ಅದೇ ಪುಡಿ, ಅಷ್ಟೇ ಪ್ರಮಾಣದಲ್ಲಿ ಹಾಕಿದೆ. ಅವೂ ಸತ್ತವು.

ಐದನೆಯ ಕೀಮೊ ದಿನ ಅವಳ ಮಂಚದ ಬದಿಗೆ ಕೂತು ಇದನ್ನು ಹೇಳಿದೆ. ಬಾಟಲಿಯಿಂದ ಹನಿ ಇಳಿಯುತ್ತಿತ್ತು. ಕಾಯಿಲೆ ಅವಳದು, ಕಣ್ಣೀರು ನನ್ನದು, ನಾಚಿಕೆಯಾಯಿತು. ಅವಳು ಪುಡಿ ಎಷ್ಟು ಹಾಕಿದ್ದೆ ಎಂದು ವಿಚಾರಿಸಿದಳು, ಯೋಚಿಸಿದಳು.

“ಗದ್ದಿ ಔಷಧಕ್ಕ ಹಾಕಿದಂಗ ನೀರ ಜಾಸ್ತಿ ಹಾಕಿ ನೋಡು. ಅದು ತಯಾರಾಗಿ ನನಗ ಮುಟ್ಟಂಗಿಲ್ಲ ಬಿಡು. ನನ್ನ ಹಿಂದ ಈ ಮಂಚಕ್ಕ ಬರೂ ಹೆಣ್ಮಗಳಿಗಿ ಆದೀತು.”