ಚಂದಪ್ಪನ ಹೆಂಡತಿ

ಕೊರೊನಾ ಕಳೆದ ಮರುವರ್ಷ ನಾನು ಹುಮನಾಬಾದಿನ ನರ್ಸರಿಯಿಂದ ಬಸವಕಲ್ಯಾಣದ ಹೊರವಲಯದ ಹೊಸ ಚಿಟ್ಟೆ ತೋಟಕ್ಕೆ ಮಾಲಿಯಾಗಿ ಬಂದೆ. ಓದಿದ್ದು ಹತ್ತನೆಯ ತರಗತಿ. ಉಳಿದದ್ದೆಲ್ಲ ಗಿಡಗಳ ಜೊತೆ ಕಳೆದ ವಯಸ್ಸು. ನಿವೃತ್ತಿಗೆ ಮುಂಚಿನ ಆ ಕೊನೆಯ ಕೆಲಸದಲ್ಲಿ ನನ್ನಿಂದಾದ ತಪ್ಪನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ತೋಟದ ಅಂದವೆಲ್ಲ ಒಂದು ಜಾತಿಯ ಕರಿ ಚಿಟ್ಟೆಯದು. ಮಖಮಲ್ಲಿನಂಥ ರೆಕ್ಕೆ, ಅದರ ಮೇಲೆ ನೀಲಿ ಅಂಚಿನ ಬಿಳಿ ಬೊಟ್ಟುಗಳು. ಹತ್ತಿರದ ರಾಜೇಶ್ವರ ಊರಿನಿಂದ ಕಳೆ ತೆಗೆಯಲು ಬರುತ್ತಿದ್ದ ಕಾಶಿಬಾಯಿ ಅದನ್ನು ‘ಚಂದಪ್ಪ’ ಅನ್ನುತ್ತಿದ್ದಳು. ಗೇಟಿನ ಮೇಲೆ ಬರೆಸಿದ್ದೂ ಅದರ ಚಿತ್ರವನ್ನೇ. ಮಳೆಗಾಲ ಮುಗಿಯುವುದರೊಳಗೆ ಚಿಟ್ಟೆಗಳು ನೆಲೆ ನಿಲ್ಲದಿದ್ದರೆ ಜಾಗವನ್ನು ವಾಹನ ನಿಲ್ಲಿಸಲು ಕೊಡುವುದಾಗಿ ಮೇಲಿನವರು ಹೇಳಿದ್ದರು.

ಪ್ಲೇನ್ ಟೈಗರ್ ಎಂಬ ಕಿತ್ತಳೆ ಬಣ್ಣದ ಹುಲಿಚಿಟ್ಟೆ ಎಕ್ಕದ ಗಿಡದ ಮೇಲೆ ಮೊಟ್ಟೆ ಇಡುತ್ತದೆ. ಎಕ್ಕದ ಹಾಲಿನ ವಿಷ ಮೈಗೂಡುವುದರಿಂದ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಅದಕ್ಕೆಂದೇ ನಾನು ಎಕ್ಕ ಬೆಳೆಸಿದ್ದೆ. ಒಂದು ಬೆಳಿಗ್ಗೆ ಅಂಥದೇ ಕಿತ್ತಳೆ ಚಿಟ್ಟೆ ಎಕ್ಕವನ್ನು ಬಿಟ್ಟು, ನೆಲಕ್ಕಂಟಿ ಹಬ್ಬಿದ್ದ ಗೋಳಿ ಪಲ್ಯವೆಂಬ ಸೊಪ್ಪಿನ ಎಲೆಗಳಡಿ ಮೊಟ್ಟೆ ಇಡುತ್ತಿತ್ತು. ಪಾಪ, ದಾರಿ ತಪ್ಪಿದೆ ಅಂದುಕೊಂಡೆ. ಆ ದಂಟುಗಳನ್ನು ಕತ್ತರಿಸಿ ಎಕ್ಕದ ಟೊಂಗೆಗಳಿಗೆ ದಾರದಿಂದ ಕಟ್ಟತೊಡಗಿದೆ.

“ಏನ್ ಮಾಡಾಕತ್ತೀರಿ ಕಾಕಾ?” ಕಾಶಿಬಾಯಿ ಕೇಳಿದಳು.

“ಬಾಣಂತನ.”

“ಹಡದಾಕಿಗಿ ತಿಳೀಲಾರದ್ದು ನಿಮಗ್ ತಿಳೀತೇನ್ರಿ?”

“ನೀ ಉಳಿದ ಗೋಳಿ ಪೂರಾ ಕಿತ್ತು ಒಯ್ಯಿ. ಅದು ಮತ್ತ ಮೋಸ ಹೋಗಬಾರದು.”

ಅವಳು ನಗುತ್ತ ಉಡಿ ತುಂಬಿಕೊಂಡು ಹೋದಳು. ಮನೆಯಲ್ಲಿ ಬೇಳೆ ಹಾಕಿ ಪಲ್ಯ ಮಾಡಿದಳಂತೆ.

ಹೊರಬಂದ ಮರಿಹುಳುಗಳು ಬಾಡಿದ ಗೋಳಿ ಎಲೆ ಮುಗಿಸಿದವು. ಎಕ್ಕಕ್ಕೆ ಬಾಯಿ ಹಚ್ಚದೆ ಒಣಗಿ ಉದುರಿದವು. ಬಾಡಿದ ಗೋಳಿ ತಿಂದದ್ದಕ್ಕೇ ಸತ್ತವು ಅಂದುಕೊಂಡು, ಗೋಳಿ ಚಿಗುರಿದಾಗಲೆಲ್ಲ ನಾನು ಅದನ್ನೇ ಮಾಡಿದೆ. ಬರಬರುತ್ತ ಚಂದಪ್ಪಗಳು ಅಪರೂಪವಾದವು. ಎರಡಕ್ಕೂ ಸಂಬಂಧವಿದೆಯೆಂದು ನನಗೆ ಹೊಳೆಯಲಿಲ್ಲ.

ಉಸ್ತುವಾರಿ ಮೇಡಂ ತಪಾಸಣೆಗೆ ಬಂದು ಕರಿ ಚಿಟ್ಟೆ ಎಲ್ಲಿ ಎಂದರು. “ಬಾಜೂ ತೊಗರಿ ಹೊಲದಾಗ ಔಷಧಿ ಹೊಡದಾರ್ರಿ” ಅಂದೆ. ಯಾರೂ ಹೊಡೆದದ್ದನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಬೇಲಿಯ ಹತ್ತಿರದಿಂದ ಕಾಶಿಬಾಯಿ ಕೂಗಿದಳು: “ಕಾಕಾ, ಬರ್ರಿ ಇಲ್ಲಿ! ಚಂದಪ್ಪಗ ಹೆಂಡ್ತಿ ಸಿಕ್ಕಾಳ!”

ಹೋಗಿ ನೋಡಿದರೆ ಕರಿ ಚಿಟ್ಟೆಯೂ ಕಿತ್ತಳೆ ಚಿಟ್ಟೆಯೂ ಬಾಲಕ್ಕೆ ಬಾಲ ಕೂಡಿಸಿ ಕುಳಿತಿದ್ದವು. ಮೇಡಂ ಬಗ್ಗಿದರು.

“ಇದು ಟೈಗರ್ ಅಲ್ರಿ. ಟೈಗರ್‌ಗೆ ಹಿಂದಿನ ರೆಕ್ಕಿ ನಡುವ ಮೂರು-ನಾಕು ಕರಿ ಚುಕ್ಕಿ ಇರ್ತಾವ. ಇದಕ್ಕ ಮೇಲಂಚಿನಾಗ ಒಂದ.”

ಎರಡೂ ಒಂದೇ ಜಾತಿ, ಡನೈಡ್ ಎಗ್‌ಫ್ಲೈ. ಗಂಡು ಕಪ್ಪು; ಹೆಣ್ಣು ಮಾತ್ರ, ಹಕ್ಕಿಗಳನ್ನು ವಂಚಿಸಲು, ವಿಷದ ಹುಲಿಚಿಟ್ಟೆಯ ವೇಷ ತೊಟ್ಟಿರುತ್ತದೆ. ಇದಕ್ಕೆ ಮಿಮಿಕ್ರಿ ಎನ್ನುತ್ತಾರೆ. ಹೊರದೇಶದ ಅಡ್ಮಿರಲ್ ಚಿಟ್ಟೆಗಳಲ್ಲೂ ಇಂಥ ವೇಷಧಾರಿಗಳಿವೆ ಎಂದರು ಮೇಡಂ. ಇದರ ಮರಿಹುಳುಗಳಿಗೆ ಬೇಕಾದದ್ದು ಗೋಳಿ ಎಂದೂ ಹೇಳಿದರು.

ಎಕ್ಕದ ಟೊಂಗೆಗಳಲ್ಲಿ ನಾನು ಕಟ್ಟಿದ ದಾರಗಳು ಇನ್ನೂ ಜೋತಾಡುತ್ತಿದ್ದವು.

“ಮೇಡಂ, ಔಷಧಿ ಯಾರೂ ಹೊಡದಿಲ್ರಿ” ಎಂದೆ. “ಕೊಂದಾಂವ ನಾನ.”

ಅವರು ಬಯ್ಯಲಿಲ್ಲ. ಮಳೆ ಇನ್ನೂ ಇದೆ, ಗೋಳಿ ಬೆಳೆಯಲಿ ಎಂದಷ್ಟೇ ಹೇಳಿ ಹೋದರು.

ಗೋಳಿ ಮತ್ತೆ ಹಬ್ಬಿತು. ಕಿತ್ತಳೆ ಚಿಟ್ಟೆ ಬಂದು ಅದರ ಮೇಲೆ ಇಳಿದ ದಿನ, ನೆರಳಾದೀತೆಂದು ಪಕ್ಕದ ಹುಲ್ಲು ಕೀಳಲು ನಾನು ಕೈ ಚಾಚಿದೆ.

“ಕೈ ಹಿಂದ ಕಟ್ಕೊಂಡು ನಿಲ್ರಿ ಕಾಕಾ! ನಿಮ್ಮ ಬಾಣಂತನ ನೋಡೀವಿ.”

ಹಾಗೇ ನಿಂತೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೇಟಿನ ಬಳಿ ಚಂದಪ್ಪಗಳು ಹಾರಾಡುತ್ತಿದ್ದವು, ತೋಟ ಉಳಿಯಿತು. ನೆಡುವುದು, ಕೀಳುವುದು, ಕಟ್ಟುವುದನ್ನು ನಾನು ಚಿಕ್ಕಂದಿನಿಂದ ಕಲಿತಿದ್ದೆ. ಕೈ ಕಟ್ಟಿ ನಿಲ್ಲುವುದೂ ಮಾಲಿಯ ಕೆಲಸವೇ ಎಂದು ಕಲಿತದ್ದು ಆ ಗೋಳಿಯ ಮುಂದೆ.