ಮಲಗಿ ಉಳಿದವು

ತೊಂಬತ್ತರ ದಶಕದ ಕೊನೆಗೆ, ತಾಂಬಾ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನನ್ನ ಅಕ್ಕನಿಗೆ ಕ್ಷಯ ಬಂತು. ಇಂಡಿ ಪಟ್ಟಣದ ಡಾಕ್ಟರು ಆರು ತಿಂಗಳ ಗುಳಿಗೆ ಬರೆದರು. ಗುಳಿಗೆಯಿಂದ ಮೂತ್ರ ಕೆಂಪಗೆ ಹೋಗುತ್ತದೆಂದು ಅಕ್ಕ ಮೊದಮೊದಲು ಹೆದರಿದಳು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಗಲ್ಲ ತುಂಬಿದವು, ಮತ್ತೆ ಹೊಲಕ್ಕೆ ಕಸ ತೆಗೆಯಲು ಹೋದಳು.

ಸೊಸೆ ಗುಣವಾದರೆ ದೇವಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುತ್ತೇನೆಂದು ಅವಳ ಅತ್ತೆ ಹರಕೆ ಹೊತ್ತಿದ್ದರು. ತುಂಬಿದರು. ಹೋಳಿಗೆ ಊಟಕ್ಕೆ ನಾನೂ ಸಿಂದಗಿಯಿಂದ ಹೋಗಿದ್ದೆ. ಉಂಡೆದ್ದು ಅಕ್ಕ ಗುಳಿಗೆಗೆ ಕೈ ಹಾಕಿದಾಗ ಅತ್ತೆ ತಡೆದರು.

"ಹರಕಿ ಮುಟ್ಟಿಸೇವಿ. ಇನ್ನೂ ಗುಳಿಗಿ ನುಂಗಿದ್ರ ದೇವಿನ್ನ ನಂಬಲಿಲ್ಲ ಅಂದಂಗ ಆಗತೈತಿ. ಬ್ಯಾಡವಾ."

"ಡಾಕ್ಟರು ಆರು ತಿಂಗಳ ಅಂದಾರಲ್ರಿ," ಎಂದೆ.

"ಕೆಮ್ಮ ಎಲ್ಲೈತೋ ತಮ್ಮಾ? ತೋರ್ಸು."

ಅಕ್ಕ ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟಳು.

ಮರುವರ್ಷ ಮಳೆಯ ಜೊತೆ ಕೆಮ್ಮು ಬಂತು, ಈ ಸಲ ರಕ್ತದೊಂದಿಗೆ. ಗುಳಿಗೆ ಮತ್ತೆ ಶುರುಮಾಡಿದರು, ಆದರೆ ಎದೆ ಆಗಲೇ ಟೊಳ್ಳಾಗಿತ್ತು. ಪಡಸಾಲೆಯಲ್ಲಿ ಮಲಗಿ ಅಕ್ಕ ಹೊಲದ ಮಾತೇ ಆಡುತ್ತಿದ್ದಳು.

"ಹ್ವಾದ ವರ್ಷ ಒಂದು ಕಡ್ಡಿ ಬಿಡದಂಗ ಕಸ ಕಿತ್ತಿದ್ದೆ. ಈ ಮಳಿಗಿ ಮತ್ತ ಹೆಂಗ ಬಂತೋ ತಮ್ಮಾ?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ, ಹಾಳಾದದ್ದು. ಕ್ಷಯದ ಕ್ರಿಮಿಗಳು ಒಂದೇ ತಾಯಿಯ ಮಕ್ಕಳಾದರೂ ಅವುಗಳಲ್ಲಿ ಕೆಲವು ಸುಮ್ಮನೆ ಮಲಗಿಬಿಡುತ್ತವೆ, ಹೊಲದ ಮಣ್ಣಿನಲ್ಲಿ ಮೊಳೆಯದೆ ಕೂತ ಕಸದ ಬೀಜದ ಹಾಗೆ. ಔಷಧಿ ಎಚ್ಚರಿದ್ದವನ್ನು ಬೇಗ ಕೊಲ್ಲುತ್ತದೆ, ಮಲಗಿದವು ಉಳಿಯುತ್ತವೆ. ಅವನ್ನೂ ಮುಗಿಸಲೆಂದೇ ಆರು ತಿಂಗಳ ಗುಳಿಗೆ; ನಡುವೆ ಬಿಟ್ಟರೆ ಅವು ಎಂದೋ ಎದ್ದು ಮತ್ತೆ ಹಬ್ಬುತ್ತವೆ.

"ಮುಂದಾಗೋದು ಅವಕ್ಕ ಗೊತ್ತಿರತೈತೇನ್ರಿ ಸರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಏನೂ ಗೊತ್ತಿರುವುದಿಲ್ಲ. ಯಾವುದು ಮಲಗುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ, ಪತ್ತೆಯಿಲ್ಲ. ಎಲ್ಲವೂ ಎಚ್ಚರಿದ್ದ ವಂಶಗಳು ಎಂದೋ ಬಂದ ಕೇಡಿನಲ್ಲಿ ಅಳಿದವು. ಒಂದಿಷ್ಟು ಮಲಗಿದ್ದ ವಂಶಗಳು ಉಳಿದು, ಹೀಗೆ ಲೆಕ್ಕವಿಲ್ಲದೆ ಕೆಲವು ಮಲಗಿಬಿಡುವ ಗುಣವನ್ನೇ ಮಕ್ಕಳಿಗೆ ದಾಟಿಸಿದವು. ಇಷ್ಟು ಹೇಳಿ ಬೋರ್ಡು ಒರೆಸುವ ನೆಪದಲ್ಲಿ ಮುಖ ತಿರುಗಿಸುತ್ತೇನೆ.

ಅಕ್ಕ ಮುತ್ತೈದೆಯಾಗಿ ಹೋದಳು. ಮಣ್ಣಿಗೆ ಒಯ್ಯುವ ಮುಂಚೆ ಹಸಿರು ಸೀರೆ ಉಡಿಸಿದರು. ಉಡಿ ತುಂಬಿದ್ದು ಅದೇ ಅತ್ತೆ. ಅಕ್ಕಿ ಹಾಕುತ್ತ ಹಾಕುತ್ತ ನನ್ನ ಕಡೆ ತಿರುಗಿ, "ಆರಾಮ ಆಗಿತ್ತಲ್ಲೋ ತಮ್ಮಾ, ನೀನ ನೋಡಿದ್ದಿ, ಆರಾಮ ಆಗಿತ್ತು," ಎಂದರು.

ಹೌದು, ನಾನೇ ನೋಡಿದ್ದೆ. ಆರಾಮಾಗಿತ್ತು.